ಕಡಲ ನಡುವಿನ ಕಣಜ

ಕಲಬುರಗಿಯಂತಹ ಒಳನಾಡಿನ ನಗರದಲ್ಲಿ ಹಡಗಿನ ಮಾತನ್ನೆತ್ತುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ಈ ಊರಿನಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಹನು (1397-1422) ಗೋವೆ, ಚೌಲ್ ಬಂದರುಗಳಿಂದ ವರ್ಷವರ್ಷವೂ ಹಡಗುಗಳನ್ನು ಕಳುಹಿಸಿ, ದೂರದೇಶಗಳ ಸರಕನ್ನು ತರಿಸುತ್ತ, ವಿದ್ವಾಂಸರನ್ನು ಕರೆಸಿಕೊಳ್ಳುತ್ತಿದ್ದನೆಂದು ಫಿರಿಸ್ತಾ ಬರೆದಿದ್ದಾನೆ. ಆ ಹಡಗುಗಳಿಗೆ ಗಾಳಿಯೇ ಬಲ. ಅದನ್ನು ಕೊಳ್ಳಬೇಕಾಗಿರಲಿಲ್ಲ, ತುಂಬಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಹಬೆಯಂತ್ರ ಬಂದಮೇಲೆ ಹಡಗು ವೇಗವನ್ನು ಗಳಿಸಿ ಸ್ವಾತಂತ್ರ್ಯವನ್ನು ಕಳೆದುಕೊಂಡಿತು. ಕಲ್ಲಿದ್ದಲು ಮುಗಿಯುತ್ತ ಬಂದಿತೆಂದರೆ ಬಂದರಿಗೆ ಮರಳಲೇಬೇಕು. ನಡುಗಡಲಿನಲ್ಲಿ ಅದನ್ನು ಹಡಗಿನಿಂದ ಹಡಗಿಗೆ ಸಾಗಿಸುವುದು ಬಹು ತೊಡಕಿನ ಕೆಲಸ. ಎಣ್ಣೆಯಾದರೋ ಕೊಳವೆಯಲ್ಲಿ ಹರಿಯುತ್ತದೆ. 1917ರಲ್ಲಿ ಅಮೆರಿಕದ ‘ಮೌಮಿ’ ಎಂಬ ಎಣ್ಣೆಹಡಗು, ಯೂರೋಪಿನ ಯುದ್ಧಕ್ಕೆ ಹೊರಟಿದ್ದ ನೌಕೆಗಳಿಗೆ ಅಟ್ಲಾಂಟಿಕ್ ಸಾಗರದ ನಡುವೆ, ಸಾಗುತ್ತಿರುವಾಗಲೇ ಎಣ್ಣೆಯನ್ನು ನೀಡಿತು. ಅದರಲ್ಲಿ ಎಂಜಿನುಗಳ ಹೊಣೆ ಹೊತ್ತಿದ್ದ ಚೆಸ್ಟರ್ ನಿಮಿಟ್ಸನೇ ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ನೌಕಾಬಲವನ್ನು ನಡೆಸಿದವನು.

ಈ ಕೆಲಸದ ಕಷ್ಟವನ್ನು ಹೀಗೆ ಊಹಿಸಿಕೊಳ್ಳೋಣ. ಕಲಬುರಗಿಯಿಂದ ಕಮಲಾಪುರಕ್ಕೆ ಸುಮಾರು 36 ಕಿಲೋಮೀಟರು. ಆ ರಸ್ತೆಯಲ್ಲಿ ಎರಡು ಲಾರಿಗಳು ಗಂಟೆಗೆ 24 ಕಿಲೋಮೀಟರಿನ ಒಂದೇ ವೇಗದಲ್ಲಿ ಅಕ್ಕಪಕ್ಕದಲ್ಲಿ ಓಡುತ್ತ, ನಡುವೆ ಕೊಳವೆ ಕಟ್ಟಿಕೊಂಡು ಎಣ್ಣೆಯನ್ನು ದಾಟಿಸಬೇಕು; ದಾರಿಯೂ ಅಲೆಯಂತೆ ಏಳುತ್ತ ಬೀಳುತ್ತ ಇರಬೇಕು. ಕಡಲಿನಲ್ಲಿ ಎರಡು ಹಡಗುಗಳ ನಡುವಣ ಅಂತರ ಸಾಮಾನ್ಯವಾಗಿ 30ರಿಂದ 50 ಮೀಟರು ಮಾತ್ರ. ಆ ಇಕ್ಕಟ್ಟಿನಲ್ಲಿ ನೀರು ವೇಗವಾಗಿ ಹರಿದು ಒತ್ತಡವು ತಗ್ಗುವುದರಿಂದ ಹಡಗುಗಳು ಒಂದನ್ನೊಂದು ಸೆಳೆಯುತ್ತವೆ. ಚುಕ್ಕಾಣಿ ಹಿಡಿದವನು ಕಣ್ಣುರೆಪ್ಪೆ ಮಿಟುಕಿಸುವಂತಿಲ್ಲ.

ಇನ್ನು ಹಡಗಿನ ಕಟ್ಟಡ. ಎರಡು ಹಡಗುಗಳ ನಡುವೆ ಬಿಗಿದ ಉಕ್ಕಿನ ಹಗ್ಗದ ಮೇಲೆ ಕೊಳವೆ ತೂಗುತ್ತದೆ. ಅಲೆಗೆ ಹಡಗುಗಳು ಹೊಯ್ದಾಡಿದಾಗ ಹಗ್ಗ ಹರಿಯದಂತೆ, ಜೋಲದಂತೆ, ಯಂತ್ರವು ಅದರ ಬಿಗಿಯನ್ನು ತಾನಾಗಿ ಹೊಂದಿಸುತ್ತಿರಬೇಕು. ಎಣ್ಣೆಯನ್ನು ಕೊಡುತ್ತಾ ಹೋದಂತೆ ಹಡಗು ಹಗುರಾಗಿ ಮೇಲೇಳುವುದರಿಂದ, ಬೇರೆಯ ತೊಟ್ಟಿಗಳಲ್ಲಿ ಕಡಲ ನೀರನ್ನು ತುಂಬಿ ಸಮತೂಕವನ್ನು ಕಾಯಬೇಕು. ಅರ್ಧ ತುಂಬಿದ ದೊಡ್ಡ ತೊಟ್ಟಿಯಲ್ಲಿ ಎಣ್ಣೆ ಕುಲುಕಾಡಿದರೆ ಹಡಗೇ ವಾಲೀತು. ಆದುದರಿಂದ ಒಡಲನ್ನು ಹಲವು ಕೋಣೆಗಳಾಗಿ ಒಡೆಯುವರು. ಹೊರಗೋಡೆ ಒಡೆದರೂ ಎಣ್ಣೆ ಕಡಲಿಗೆ ಸುರಿಯದಂತೆ ಒಳಗೊಂದು ಗೋಡೆ. ಇಷ್ಟಾದರೂ ಇದು ಯುದ್ಧನೌಕೆಗಳ ಜೊತೆಜೊತೆಗೇ ಓಡಬೇಕು. ಸರಕು ಹಡಗಿನ ಹೊಟ್ಟೆಯನ್ನೂ ಸೇನಾನೌಕೆಯ ಕಾಲನ್ನೂ ಒಂದರಲ್ಲೇ ಕೂಡಿಸುವುದೆಂದರೆ ಸುಲಭದ ಮಾತಲ್ಲ.

ನಮ್ಮ ದೇಶವು ಇಂತಹ ಹಡಗುಗಳಿಗಾಗಿ ಬಹುಕಾಲ ಪರದೇಶಗಳನ್ನೇ ನೆಚ್ಚಿಕೊಂಡಿತು. 1967ರ ಮೊದಲ ‘ದೀಪಕ್’ ಜರ್ಮನಿಯದು, 1996ರ ‘ಜ್ಯೋತಿ’ ರಷ್ಯದ್ದು. ನಡುವೆ ಕಲ್ಕತ್ತೆಯ ಗಾರ್ಡನ್ ರೀಚ್ ಕಾರ್ಖಾನೆ ‘ಆದಿತ್ಯ’ವನ್ನು ಕಟ್ಟಿತು. (ಹಸಿದ ನೌಕೆಗಳಿಗೆ ಉಣಬಡಿಸುವ ಈ ಮೂರು ಹಡಗುಗಳಿಗೆ ಬೆಳಕಿನ ಹೆಸರುಗಳನ್ನು ಹುಡುಕಿದವರ ರಸಿಕತೆಗೆ ನಾವು ತಲೆದೂಗುತ್ತೇವೆ.) ಆದರೆ 1985ರಲ್ಲಿ ಕೊಟ್ಟ ಆದೇಶಕ್ಕೆ ‘ಆದಿತ್ಯ’ವು ನೌಕಾಪಡೆಯನ್ನು ಸೇರಿದ್ದು 2000ದಲ್ಲಿ. ಇಟಲಿಯ ಫಿನ್‌ಕಾಂತಿಯೇರಿ ಸಂಸ್ಥೆಯಾದರೋ 2008ರಲ್ಲಿ ಒಪ್ಪಿಕೊಂಡ ಹೊಸ ‘ದೀಪಕ್’ ಹಡಗನ್ನು ಮೂರೇ ವರ್ಷಗಳಲ್ಲಿ ಒಪ್ಪಿಸಿತು. ಅದು 2011ರ ಜನವರಿಯಲ್ಲಿ ಸೇವೆಗೆ ಸೇರಿತು. 27,500 ಟನ್ನಿನ, 175 ಮೀಟರು ಉದ್ದದ ಈ ಹಡಗು ಗಂಟೆಗೆ 1,500 ಟನ್ ಎಣ್ಣೆಯನ್ನು ನೀಡಬಲ್ಲುದು. ಮೇಲೆ ಹೇಳಿದ ಲಾರಿಗಳು ಕಮಲಾಪುರವನ್ನು ಮುಟ್ಟುವ ಒಂದೂವರೆ ಗಂಟೆಯಲ್ಲಿ 2,250 ಟನ್ನು! ಅದರ ಉಕ್ಕು ಯುದ್ಧನೌಕೆಯ ದರ್ಜೆಯದಲ್ಲವೆಂದು ಭಾರತದ ಲೆಕ್ಕಪರಿಶೋಧಕರು ಆಕ್ಷೇಪಿಸಿದುದೂ ಉಂಟು. ಕೊಳ್ಳುವವನು ಮಾರುವವನ ತಕ್ಕಡಿಯನ್ನೇ ಒಪ್ಪಬೇಕಾಗುತ್ತದಷ್ಟೆ.

ಹದಿನೈದು ವರ್ಷ ಹಿಡಿದರೂ ‘ಆದಿತ್ಯ’ವನ್ನು ಇಲ್ಲಿ ಕಟ್ಟಿದ್ದು ವ್ಯರ್ಥವೆಂದು ನಾವು ಎಣಿಸುವುದಿಲ್ಲ, ಆ ಕೆಲಸವನ್ನು ಕಲಿತ ಕೈಗಳು ಕೊಂಡ ಹಡಗಿನೊಡನೆ ಬರುವುದಿಲ್ಲ. 2023ರ ಆಗಸ್ಟಿನಲ್ಲಿ ವಿಶಾಖಪಟ್ಟಣದ ಹಿಂದೂಸ್ತಾನ್ ಷಿಪ್‌ಯಾರ್ಡಿಗೆ ಇಂತಹ ಐದು ಹಡಗುಗಳ ನಿರ್ಮಾಣವನ್ನು ವಹಿಸಲಾಯಿತು. ಒಂದೊಂದೂ ಸುಮಾರು 44,000 ಟನ್ನಿನದು. ಮೊದಲನೆಯದರ ಉಕ್ಕಿಗೆ ಕತ್ತರಿ ಬಿದ್ದದ್ದು 2024ರ ಏಪ್ರಿಲ್ 10ರಂದು.