ಮಲೇರಿಯಾ ಲಸಿಕೆಗೆ ದಾರಿ ತೋರಿದ ಮಹಿಳೆ: ರೂತ್ ನುಸೆನ್‌ಜ್ವೈಗ್

ಮಲೇರಿಯಾ ಸಂಶೋಧನೆ ಎಂದೊಡನೆ ನಮಗೆ ನೆನಪಾಗುವ ಹೆಸರು ರೊನಾಲ್ಡ್ ರಾಸ್. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಈ ರೋಗದ ಪರೋಪಜೀವಿಯನ್ನು ಕಂಡವರು ಅವರು. ಅದೇ ಪರೋಪಜೀವಿಗೆ ಲಸಿಕೆಯ ದಾರಿ ತೆರೆದ ಮಹಿಳೆಯ ಹೆಸರು ಮಾತ್ರ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅವರೇ ಡಾ. ರೂತ್ ನುಸೆನ್‌ಜ್ವೈಗ್.

ರೂತ್ ಹುಟ್ಟಿದ್ದು 1928ರಲ್ಲಿ, ವಿಯೆನ್ನಾದ ಯಹೂದಿ ಮನೆಯಲ್ಲಿ. ತಂದೆ ತಾಯಿ ಇಬ್ಬರೂ ವೈದ್ಯರು. ಆಸ್ಟ್ರಿಯಾ ನಾತ್ಸಿಗಳ ಕೈವಶವಾದ ಮೇಲೆ, 1939ರಲ್ಲಿ, ಕುಟುಂಬ ಬ್ರೆಜಿಲ್‌ಗೆ ಓಡಿಬಂತು. ಹೊಸ ದೇಶ, ಹೊಸ ಭಾಷೆ. ಆ ಹುಡುಗಿ ಸಾವೊ ಪಾಲೊದಲ್ಲಿ ವೈದ್ಯಕೀಯ ಓದಿದಳು. ಅಲ್ಲೇ ಸಹಪಾಠಿ ವಿಕ್ಟರ್ ಪರಿಚಯವಾದರು. ಆಗ ಅವರಿಗೆ ರಾಜಕೀಯದ ಹುಚ್ಚು. ಸಂಶೋಧನೆಯ ಕಡೆಗೆ ಎಳೆದುತಂದವರು ರೂತ್. ಮುಂದೆ ಇಬ್ಬರೂ ಬಾಳಿನಲ್ಲೂ ಪ್ರಯೋಗಾಲಯದಲ್ಲೂ ಜೊತೆಯಾದರು.

ಅವರ ಮೊದಲ ಕೆಲಸ ಚಾಗಾಸ್ ರೋಗದ ಮೇಲೆ. ದಕ್ಷಿಣ ಅಮೆರಿಕದಲ್ಲಿ ತಿಗಣೆ ಜಾತಿಯ ಒಂದು ಕೀಟದಿಂದ ಹರಡುವ ಈ ರೋಗ, ವರ್ಷಗಳ ನಂತರ ಹೃದಯವನ್ನೇ ಹಾಳುಮಾಡಬಹುದು. ರಕ್ತದಾನದಿಂದಲೂ ಅದು ಹರಡುತ್ತಿತ್ತು. ದಾನದ ರಕ್ತಕ್ಕೆ ಜೆನ್ಶಿಯನ್ ವಯೊಲೆಟ್ ಬೆರೆಸಿದರೆ ಪರೋಪಜೀವಿ ಸಾಯುತ್ತದೆ ಎಂದು ಈ ತರುಣ ಸಂಶೋಧಕರು ತೋರಿಸಿದರು. ಚಿಕ್ಕಂದಿನಲ್ಲಿ ಬಾಯಿಹುಣ್ಣಿಗೆ ಅಮ್ಮ ಹಚ್ಚುತ್ತಿದ್ದರಲ್ಲ, ಅದೇ ನೇರಳೆ ಬಣ್ಣದ ಔಷಧಿ!

ನಂತರ ಪ್ಯಾರಿಸ್, ಮುಂದೆ ನ್ಯೂಯಾರ್ಕ್. ಬ್ರೆಜಿಲ್‌ಗೇ ಮರಳಬೇಕೆಂಬ ಆಸೆಯಿತ್ತು. ಆದರೆ 1964ರಲ್ಲಿ ಅಲ್ಲಿ ಸೈನಿಕ ಆಡಳಿತ ಬಂತು. ಮೂವರು ಮಕ್ಕಳ ತಾಯಿ ರೂತ್ ಮತ್ತೊಮ್ಮೆ ಊರು ಬಿಟ್ಟು, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ನೆಲೆನಿಂತರು. ಅಲ್ಲಿ ಅವರು ಕೈಗೆತ್ತಿಕೊಂಡದ್ದು ಮಲೇರಿಯಾ.

ಸೋಂಕಿರುವ ಸೊಳ್ಳೆ ಕಚ್ಚಿದಾಗ ಅದರ ಎಂಜಲಿನೊಡನೆ ಸ್ಪೋರೊಜಾಯಿಟ್ ಎಂಬ ಎಳೆಯಂಥ ರೂಪದಲ್ಲಿ ಪರೋಪಜೀವಿ ನಮ್ಮ ಮೈ ಸೇರುತ್ತದೆ. ಅಲ್ಲಿಂದ ಲಿವರ್‌ಗೆ ಹೋಗಿ, ಸಾವಿರಾರು ಪಟ್ಟು ಹೆಚ್ಚಿ, ರಕ್ತಕ್ಕೆ ಇಳಿಯುತ್ತದೆ. ಜ್ವರ ಬರುವುದು ಆಮೇಲೆ. ಅಂದರೆ ಆರಂಭದ ಆ ಸ್ವಲ್ಪ ಹೊತ್ತಿನಲ್ಲೇ ಅದನ್ನು ತಡೆದರೆ ರೋಗವೇ ಇಲ್ಲ. ಆದರೆ ಇಷ್ಟು ಜಟಿಲವಾದ ಜೀವಿಗೆ ಲಸಿಕೆ ಆಗದ ಮಾತು ಎಂದೇ ಹಲವರು ನಂಬಿದ್ದ ಕಾಲವದು.

ರೂತ್ ಸ್ಪೋರೊಜಾಯಿಟ್‌ಗಳಿಗೆ ಎಕ್ಸ್-ರೇ ಹಾಯಿಸಿ, ದುರ್ಬಲಗೊಳಿಸಿ, ಇಲಿಗಳಿಗೆ ಚುಚ್ಚಿದರು. ಆಮೇಲೆ ಬಲವಾದ ಸ್ಪೋರೊಜಾಯಿಟ್‌ಗಳನ್ನೇ ಕೊಟ್ಟರೂ ಬಹಳಷ್ಟು ಇಲಿಗಳಿಗೆ ಸೋಂಕು ತಗಲಲಿಲ್ಲ. ಪಕ್ಷಿಗಳ ಮೇಲೆ ಇಂಥ ಪ್ರಯತ್ನ ಹಿಂದೆಯೂ ನಡೆದಿತ್ತು. ಸಸ್ತನಿಗಳಲ್ಲಿ ಇದು ಹೊಸ ದಾರಿ. 1967ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು.

ಆದರೆ ಎಕ್ಸ್-ರೇ ಹಾಯಿಸಿದ ಸೊಳ್ಳೆಗಳನ್ನು ಹಿಡಿದು ಊರೂರಿಗೆ ಲಸಿಕೆ ಹಾಕಲಾದೀತೇ? ಹಾಗಾಗಿ ದೇಹ ಗುರುತು ಹಿಡಿಯುವುದು ಸ್ಪೋರೊಜಾಯಿಟ್‌ನ ಯಾವ ಭಾಗವನ್ನು ಎಂದು ಹುಡುಕಾಟ ಶುರುವಾಯಿತು. 1980ರಲ್ಲಿ, ನೊಬುಕೊ ಯೊಶಿದಾ ಮೊದಲಾದ ಸಹೋದ್ಯೋಗಿಗಳೊಂದಿಗೆ, ಅದರ ಮೈ ಹೊದಿಕೆಯ ಪ್ರೋಟೀನ್ ಒಂದನ್ನು ಗುರುತಿಸಿದರು. 1984ರಲ್ಲಿ ಅದರ ಜೀನ್ ಕೂಡ ಕೈಗೆ ಸಿಕ್ಕಿತು. ಇನ್ನೈದು ವರ್ಷದಲ್ಲಿ ಲಸಿಕೆ ಸಿದ್ಧ ಎಂಬ ಮಾತು ಆಗ ಕೇಳಿಬಂದಿತ್ತು.

ಹಿಡಿದದ್ದು ಮೂವತ್ತೇಳು ವರ್ಷ. ಅದೇ ಪ್ರೋಟೀನಿನ ತುಣುಕನ್ನು ಆಧರಿಸಿದ ಆರ್‌ಟಿಎಸ್,ಎಸ್ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕಾದ ಮಕ್ಕಳಿಗೆ ಶಿಫಾರಸು ಮಾಡಿದ್ದು 2021ರ ಅಕ್ಟೋಬರಿನಲ್ಲಿ. ಅದು ಪೂರ್ಣ ರಕ್ಷಣೆ ಕೊಡುವುದಿಲ್ಲ: ದೊಡ್ಡ ಪ್ರಯೋಗದಲ್ಲಿ ನಾಲ್ಕು ಡೋಸ್ ಪಡೆದ ಮಕ್ಕಳಲ್ಲಿ ಮಲೇರಿಯಾ ತಗ್ಗಿದ್ದು ಶೇ. 36ರಷ್ಟು. ಆದರೆ ವರ್ಷಕ್ಕೆ ಸುಮಾರು 6 ಲಕ್ಷ ಜನ, ಅವರಲ್ಲಿ ಹೆಚ್ಚಿನವರು ಆಫ್ರಿಕಾದ ಐದು ವರ್ಷದೊಳಗಿನ ಮಕ್ಕಳು, ಸಾಯುವ ರೋಗದಲ್ಲಿ ಅದು ಸಣ್ಣ ಮಾತಲ್ಲ. ಈ ಶಿಫಾರಸನ್ನು ನೋಡಲು ರೂತ್ ಇರಲಿಲ್ಲ. 2018ರ ಏಪ್ರಿಲ್ 1ರಂದು, 89ನೇ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು.

2023ರಲ್ಲಿ ಶಿಫಾರಸಾದ ಎರಡನೇ ಲಸಿಕೆ ಆರ್21 ಕೂಡ ಅದೇ ಪ್ರೋಟೀನಿನ ಮೇಲೆ ನಿಂತಿದೆ. ಆಕ್ಸ್‌ಫರ್ಡ್ ವಿಜ್ಞಾನಿಗಳು ರೂಪಿಸಿದ ಅದನ್ನು ತಯಾರಿಸುವುದು ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ನಾವು ಬದುಕು ಕಟ್ಟಿಕೊಂಡಿರುವ ಊರಿನಿಂದಲೇ ಆ ಸೀಸೆಗಳು ಆಫ್ರಿಕಾಕ್ಕೆ ಹೊರಡುತ್ತವೆ.

ನನ್ನ ಸಾಫ್ಟ್‌ವೇರ್ ಕೆಲಸದಲ್ಲಿ ಎರಡು ವಾರಕ್ಕೊಮ್ಮೆ ಏನಾದರೂ ಮುಗಿಸಿ ತೋರಿಸಬೇಕು. ಮುಗಿಯದ್ದು ಬಾಕಿ ಪಟ್ಟಿ ಸೇರುತ್ತದೆ. ಬಹಳ ದಿನ ಅಲ್ಲೇ ಉಳಿದರೆ ಯಾರೋ ಅಳಿಸಿಬಿಡುತ್ತಾರೆ. ಆ ಲೆಕ್ಕದಲ್ಲಿ ರೂತ್ ಅವರ ಕೆಲಸ ಯಾವತ್ತೋ ಅಳಿಸಿಹೋಗಬೇಕಿತ್ತು. ಬಡ ಮಕ್ಕಳನ್ನು ಕೊಲ್ಲುವ ರೋಗ, ಲಾಭ ಕಾಣದ ಮದ್ದು, ಐವತ್ತು ವರ್ಷ 'ಇನ್ನೂ ಆಗಿಲ್ಲ' ಎಂಬ ಉತ್ತರ. ಎರಡು ಸಲ ನೆಲೆ ಕಳೆದುಕೊಂಡವರು, ಹಿಡಿದ ಪ್ರಶ್ನೆಯನ್ನು ಮಾತ್ರ ಕೈಬಿಡಲಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ವಿಜ್ಞಾನಿಗಳ ಕಥೆ ಹೇಳುವಾಗ, ರಾಸ್ ಹೆಸರಿನ ಜೊತೆಗೆ ಈ ಹೆಸರನ್ನೂ ಹೇಳೋಣ.