ಉನ್ನತ ಶಿಕ್ಷಣದಲ್ಲಿ ವರ್ಚುವಲ್ ರಿಯಾಲಿಟಿ ಮತ್ತು ವಿದ್ಯಾರ್ಥಿಗಳ ಮಾನಸಿಕ ಸ್ವಾಸ್ಥ್ಯ

ವರ್ಚುವಲ್ ರಿಯಾಲಿಟಿ ಅಥವಾ ಮಿಥ್ಯಾವಾಸ್ತವವು ಗಣಕಯಂತ್ರ ನಿರ್ಮಿಸಿದ ಮೂರು ಆಯಾಮದ ಪರಿಸರವನ್ನು ಹೆಡ್‌ಸೆಟ್ ಮೂಲಕ ಅನುಭವಿಸುವ ತಂತ್ರಜ್ಞಾನವಾಗಿದೆ. ತಲೆ ತಿರುಗಿಸಿದತ್ತ ದೃಶ್ಯವೂ ತಿರುಗುವುದರಿಂದ ನೋಡುವವರಿಗೆ ತಾವು ಅಲ್ಲಿಯೇ ಇದ್ದೇವೆ ಎಂಬ ಭಾವ ಮೂಡುತ್ತದೆ. ತಲೆಗೆ ಧರಿಸುವ ಇಂತಹ ಸಾಧನವನ್ನು ಐವಾನ್ ಸದರ್ಲೆಂಡ್ 1968ರಲ್ಲಿ ರೂಪಿಸಿದರು.

== ಭಾವನೆಗಳ ಮೇಲೆ ಪರಿಣಾಮ ==
ಕೃತಕ ದೃಶ್ಯವೆಂದು ತಿಳಿದಿದ್ದರೂ ದೇಹವು ಅದಕ್ಕೆ ನಿಜವೆಂಬಂತೆ ಸ್ಪಂದಿಸುತ್ತದೆ. ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಚಿಕಿತ್ಸೆಯಲ್ಲಿ ಇದರ ಉಪಯೋಗವನ್ನು ಮೊದಲು ತೋರಿಸಿದ ಅಧ್ಯಯನಗಳಲ್ಲೊಂದು ಕಾಲೇಜು ವಿದ್ಯಾರ್ಥಿಗಳ ಮೇಲೆಯೇ ನಡೆಯಿತು. ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಎತ್ತರದ ಭಯವುಳ್ಳ 20 ವಿದ್ಯಾರ್ಥಿಗಳಿದ್ದರು. ಅವರಲ್ಲಿ 12 ಮಂದಿಗೆ ಕೃತಕ ಕಾಲುಸೇತುವೆ, ಬಾಲ್ಕನಿ ಮತ್ತು ಗಾಜಿನ ಲಿಫ್ಟುಗಳ ಅನುಭವವನ್ನು ಹಂತಹಂತವಾಗಿ ನೀಡಲಾಯಿತು. ಚಿಕಿತ್ಸೆಗಾಗಿ ಕಾಯುತ್ತಿದ್ದ ಉಳಿದ 8 ಮಂದಿಗಿಂತ ಇವರ ಭಯ ಗಮನಾರ್ಹವಾಗಿ ಕಡಿಮೆಯಾಯಿತು. ಸಭಾಕಂಪನದ ನಿವಾರಣೆಗೂ ಇದೇ ತತ್ತ್ವವನ್ನು ಬಳಸಲಾಗುತ್ತದೆ. ವಿದ್ಯಾರ್ಥಿಯು ಕಲ್ಪಿತ ಸಭಿಕರ ಮುಂದೆ ಮಾತನಾಡುವುದನ್ನು ರೂಢಿಸಿಕೊಳ್ಳುತ್ತಾನೆ.

ಆದರೆ ತನ್ಮಯತೆಯೇ ಕಲಿಕೆಯಲ್ಲ. ಗೈಡೊ ಮಕ್ರಾನ್ಸ್ಕಿ ಮತ್ತು ಸಹಲೇಖಕರು 52 ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಡ್‌ಸೆಟ್ ಮೂಲಕ ಪ್ರಯೋಗಾಲಯವನ್ನು ಕಂಡಾಗ ಉಪಸ್ಥಿತಿಯ ಭಾವ ಹೆಚ್ಚಿತು, ಕಲಿಕೆ ಮಾತ್ರ ಗಣಕಯಂತ್ರದ ಪರದೆಗಿಂತ ಕಡಿಮೆಯಾಯಿತು. ಕಣ್ಣು ಚಲನೆಯನ್ನು ಕಂಡರೂ ಒಳಕಿವಿಗೆ ಅದು ಗೊತ್ತಾಗದಿರುವುದರಿಂದ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುವುದೂ ಉಂಟು.

== ಕರ್ನಾಟಕದಲ್ಲಿ ==
ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಸುರತ್ಕಲ್‌ನ ಎನ್‌ಐಟಿಕೆ ಪಾಲುದಾರ ಸಂಸ್ಥೆಯಾಗಿದೆ. ಹೆಸರಿನಿಂದ ಗೊಂದಲವಾಗಬಹುದಾದರೂ, ಈ ಪ್ರಯೋಗಗಳು ಸಾಮಾನ್ಯವಾಗಿ ಬ್ರೌಸರಿನಲ್ಲೇ ನಡೆಯುತ್ತವೆ, ಹೆಡ್‌ಸೆಟ್ ಬೇಕಿಲ್ಲ.

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಇಂತಹ ಕಡೆ ಸಾಧನಕ್ಕಿಂತ ಮೊದಲು ಎದುರಾಗುವುದು ಆಪ್ತಸಮಾಲೋಚಕರ ಪ್ರಶ್ನೆ. ಭಯವನ್ನು ಕೆರಳಿಸಬಲ್ಲ ದೃಶ್ಯವನ್ನು ತಜ್ಞರಿಲ್ಲದೆ ತೋರಿಸುವುದು ಚಿಕಿತ್ಸೆಯಾಗದು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರಿರಬೇಕೆಂದೂ, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಳ್ಳಬೇಕೆಂದೂ ಸುಪ್ರೀಂ ಕೋರ್ಟ್ ಜುಲೈ 2025ರಲ್ಲಿ ನಿರ್ದೇಶಿಸಿದೆ. ಈ ಭಾಗಕ್ಕೆ ಹತ್ತಿರದ ವಿಶೇಷ ಮನೋವೈದ್ಯಕೀಯ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. 10 ಅಕ್ಟೋಬರ್ 2022ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸಂಸ್ಥೆಯಾಗಿದ್ದು, 14416 ಸಂಖ್ಯೆಗೆ ಸಾಧಾರಣ ಫೋನಿನಿಂದಲೇ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.