ಗೇರು ಹಾಕುವ ಕೈ

ಸ್ಪೋರ್ಟ್ಸ್ ಕಾರುಗಳ ವಿವರಪಟ್ಟಿ ಓದುವ ಚಟ ನನಗಿದೆ. ಕೊಳ್ಳುವ ತಾಕತ್ತಿಲ್ಲ, ಓದುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಮೊದಲು ಎಂಜಿನ್ ಯಾವುದು ಬೇಕು ಎಂಬ ಆಯ್ಕೆ ಇರುತ್ತದೆ, ಅದರ ಕೆಳಗೆ ಗೇರ್‌ಬಾಕ್ಸಿನದು. ಕ್ಲಚ್ ತುಳಿದು ಕೈಯಿಂದ ಹಾಕುವ ಗೇರು ಬೇಕೋ, ಸ್ಟೇರಿಂಗ್ ಹಿಂದಿನ ಪ್ಯಾಡಲನ್ನು ಬೆರಳಿನಿಂದ ಎಳೆದರೆ ಸಾಕೆನ್ನುವ ಆಟೊಮ್ಯಾಟಿಕ್ ಬೇಕೋ? ಈ 'ಆಯ್ಕೆ' ಎಂಬ ಮಾತಿನ ಹತ್ತಿರ ನಾನು ಪ್ರತಿಸಲ ನಿಲ್ಲುತ್ತೇನೆ. ನಾನು ಬೆಳೆದ ಸಿರುಗುಪ್ಪದ ಕಡೆ ಗೇರು ಹಾಕುವುದು ಯಾರಿಗೂ ಆಯ್ಕೆಯಾಗಿರಲಿಲ್ಲ. ಅದು ಹೊಟ್ಟೆಪಾಡು.

ಗೇರು ಏನು ಮಾಡುತ್ತದೆ ಎಂಬುದನ್ನು ಕುರುಗೋಡಿನ ದೊಡ್ಡಬಸವೇಶ್ವರನ ತೇರು ನೋಡಿದವರಿಗೆ ಹೇಳುವುದು ಸುಲಭ. ನಿಂತ ತೇರು ಬರಿಯ ಹಗ್ಗದ ಎಳೆತಕ್ಕೆ ಅಲುಗದಿದ್ದರೆ ಗಾಲಿಗೆ ಸನ್ನೆ ಕೊಡುತ್ತಾರೆ. ಸನ್ನೆಯ ಉದ್ದದ ತುದಿ ಬಹಳ ದೂರ ಚಲಿಸಿದರೆ ಗಾಲಿ ಒಂದಿಷ್ಟೇ ಕದಲುತ್ತದೆ, ಆದರೆ ಕದಲುತ್ತದೆ. ಒಂದನೇ ಗೇರಿನ ಕೆಲಸವೂ ಅದೇ. ಎಂಜಿನ್ ಹಲವು ಸುತ್ತು ಸುತ್ತಿದರೆ ಗಾಲಿ ಒಂದು ಸುತ್ತು, ವೇಗ ಕಡಿಮೆ, ಬಲ ಹೆಚ್ಚು. ಬಂಡಿ ಓಡತೊಡಗಿದ ಮೇಲೆ ಅಷ್ಟು ಬಲ ಬೇಡ, ಮೇಲಿನ ಗೇರಿಗೆ ಹೋಗಬೇಕು. ಯಾವಾಗ ಹೋಗಬೇಕು ಎಂದು ತೀರ್ಮಾನಿಸುವವರು ಯಾರು? ಗೇರಿನ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತ ತಿರುಗಿದೆ.

ನನ್ನ ಸೋದರಮಾವ ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ ಮೂಟೆ ಹೇರಿಕೊಂಡು ಲಾರಿ ಓಡಿಸುತ್ತಿದ್ದವರು. ಆಗಿನ ಹಲವು ಲಾರಿಗಳ ಗೇರ್‌ಬಾಕ್ಸಿನಲ್ಲಿ ಸಿಂಕ್ರೊಮೆಶ್ ಇರಲಿಲ್ಲ, ಅಂದರೆ ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಹಲ್ಲುಗಾಲಿಗಳನ್ನು ಕೂಡಿಸುವ ಮೊದಲು ಅವುಗಳ ವೇಗ ಹೊಂದಿಸುವ ಏರ್ಪಾಡು ಇರಲಿಲ್ಲ. ಅದನ್ನು ಡ್ರೈವರನೇ ಮಾಡಬೇಕು. ಕ್ಲಚ್ ತುಳಿ, ನ್ಯೂಟ್ರಲ್ಲಿಗೆ ತಾ, ಕ್ಲಚ್ ಬಿಡು, ಆಕ್ಸಿಲರೇಟರ್ ಒತ್ತಿ ಎಂಜಿನ್ ವೇಗ ಏರಿಸು, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರು ಹಾಕು. ಇದಕ್ಕೆ ಡಬಲ್ ಕ್ಲಚ್ ಎಂದು ಹೆಸರು. ಗೇರು ಕರಕರ ಎಂದರೆ ಮಾವ ಕ್ಲೀನರ್ ಹುಡುಗನಿಗೆ, "ಕಣ್ಣಿಂದ ನೋಡಬ್ಯಾಡಲೇ ತಮ್ಮಾ, ಕಿವೀಲೆ ಕೇಳು. ಯಾವಾಗ ಹಾಕಬೇಕಂತ ಎಂಜಿನ್ನೇ ಹೇಳ್ತೈತಿ" ಎನ್ನುತ್ತಿದ್ದರು. ಆ ವಿದ್ಯೆಗೆ ಸರ್ಟಿಫಿಕೇಟ್ ಇರಲಿಲ್ಲ. ಹತ್ತಾರು ವರ್ಷದ ಮೇಲೆ ಎಡ ಮೊಣಕಾಲಿನ ನೋವು ಮಾತ್ರ ಉಳಿಯಿತು.

ಈ ಕಷ್ಟ ತಪ್ಪಿಸುವ ಯತ್ನ ಹಳೆಯದು. ಅಮೆರಿಕದ ಕ್ಯಾಡಿಲಾಕ್ ಕಾರುಗಳಿಗೆ 1928ರಲ್ಲೇ ಸಿಂಕ್ರೊಮೆಶ್ ಬಂತು. 1939ರಲ್ಲಿ ಜನರಲ್ ಮೋಟಾರ್ಸ್ ಹೈಡ್ರಾಮ್ಯಾಟಿಕ್ ಎಂಬ ಪೂರ್ತಿ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಪ್ರಕಟಿಸಿತು. ಆದರೆ ಸ್ಪೋರ್ಟ್ಸ್ ಕಾರಿನ ಮಂದಿ ಅದನ್ನು ಸುಲಭವಾಗಿ ಒಪ್ಪಲಿಲ್ಲ. ಬ್ರಿಟನ್ನಿನ ಎಂಜಿಬಿ ಕಾರಿಗೆ 1967ರಲ್ಲಿ ಆಟೊಮ್ಯಾಟಿಕ್ ಆಯ್ಕೆ ಕೊಟ್ಟು 1973ರಲ್ಲಿ ಕೈಬಿಟ್ಟರು. ಅದರ ಎಂಜಿನ್ 1,798 ಸಿಸಿ. ಆ ಕಾಲದ ಆಟೊಮ್ಯಾಟಿಕ್ಕಿನಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ದಾಟುವಾಗ ಸ್ವಲ್ಪ ಸೋರಿಹೋಗುತ್ತಿತ್ತು. ದೊಡ್ಡ ಎಂಜಿನ್ನಿಗೆ ಅದು ಲೆಕ್ಕಕ್ಕಿಲ್ಲ, ಸಣ್ಣದಕ್ಕೆ ಭಾರ. ಮೇಲಾಗಿ ಗೇರು ತಾನೇ ಹಾಕುವುದು ಶೂರತನ ಎಂಬ ಹಮ್ಮೂ ಇತ್ತು.

ಆ ಹಮ್ಮನ್ನು ಮುರಿದದ್ದು ರೇಸಿನ ಅಂಗಳವೇ. ಫೆರಾರಿಗಾಗಿ ಕೆಲಸ ಮಾಡುತ್ತಿದ್ದ ಬ್ರಿಟಿಷ್ ವಿನ್ಯಾಸಕಾರ ಜಾನ್ ಬರ್ನಾರ್ಡ್‌ಗೆ ಕಾರಿನ ಮೈ ಇನ್ನೂ ಕಿರಿದಾಗಬೇಕಿತ್ತು. ಗೇರಿನ ಕೋಲು, ಅದರಿಂದ ಹಿಂದಕ್ಕೆ ಹೋಗುವ ಸರಳು, ಅದನ್ನು ಎಳೆಯುವ ಕೈ ಆಡಲು ಜಾಗ, ಇವೆಲ್ಲ ಅಡ್ಡವಾಗಿದ್ದವು. ಕೋಲನ್ನೇ ತೆಗೆದು ಸ್ಟೇರಿಂಗ್ ಹಿಂದೆ ಎರಡು ಪ್ಯಾಡಲ್ ಇಟ್ಟರು. ಒಂದು ಗೇರು ಏರಿಸಲು, ಇನ್ನೊಂದು ಇಳಿಸಲು. ಮಿಕ್ಕದ್ದನ್ನು ವಿದ್ಯುತ್ ಸಂಕೇತವೂ ಎಣ್ಣೆಯ ಒತ್ತಡವೂ ನೋಡಿಕೊಂಡವು. ಪರೀಕ್ಷೆಯಲ್ಲಿ ಪದೇ ಪದೇ ಕೆಡುತ್ತಿದ್ದ ಈ ಕಾರು, ಫೆರಾರಿ 640, 1989ರ ಮಾರ್ಚ್‌ನಲ್ಲಿ ಬ್ರೆಜಿಲ್‌ನ ತನ್ನ ಮೊದಲ ರೇಸನ್ನೇ ಗೆದ್ದಿತು. ಓಡಿಸಿದವರು ನೈಜೆಲ್ ಮ್ಯಾನ್ಸೆಲ್. ಕೆಲವೇ ವರ್ಷಗಳಲ್ಲಿ ಫಾರ್ಮುಲಾ ಒನ್ ಕಾರುಗಳಿಂದ ಗೇರಿನ ಕೋಲು ಮಾಯವಾಯಿತು.

1997ರಲ್ಲಿ ಇದೇ ಏರ್ಪಾಡು ರಸ್ತೆಯ ಕಾರಿಗೆ ಬಂತು. ಫೆರಾರಿ ಎಫ್355ರಲ್ಲಿ ಎಂಜಿನ್ ಒಂದೇ, ಮೂರೂವರೆ ಲೀಟರಿನ ಎಂಟು ಸಿಲಿಂಡರಿನದು. ಗೇರು ಹಾಕುವ ದಾರಿ ಮಾತ್ರ ಎರಡು, ಕೋಲು ಅಥವಾ ಪ್ಯಾಡಲ್. ಪ್ಯಾಡಲಿನ ಕಾರಿನಲ್ಲೂ ಒಳಗಿದ್ದದ್ದು ಮಾಮೂಲಿ ಹಲ್ಲುಗಾಲಿಗಳ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ ಕಾಲಿನ ಬದಲು, ಗೇರು ದೂಡುವ ಕೈಯ ಬದಲು ಪಂಪು ಮತ್ತು ಕವಾಟಗಳಿದ್ದವು. ಇಳಿಸುವಾಗ ಕಂಪ್ಯೂಟರು ಎಂಜಿನ್ ವೇಗವನ್ನು ತಾನೇ ಏರಿಸಿ ಹೊಂದಿಸುತ್ತಿತ್ತು. ಮಾವ ಕಿವಿಯಿಂದ ಮಾಡುತ್ತಿದ್ದ ಕೆಲಸ ಅದು!

ಆ ಏರ್ಪಾಡಿನಲ್ಲಿ ಪಾಲು ಹೊಂದಿದ್ದ ಇಟಲಿಯ ಮ್ಯಾಗ್ನೆಟಿ ಮರೆಲಿ ಕಂಪನಿಯ ತಂತ್ರವೇ 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ಕಡೆಗೆ ಬಂತು. ಅದರಲ್ಲಿ ಪ್ಯಾಡಲ್ ಇಲ್ಲ, ಒಂದು ಲೀಟರಿನ ಸಣ್ಣ ಎಂಜಿನ್, ಅದೇ ಮಾಮೂಲಿ ಗೇರ್‌ಬಾಕ್ಸ್, ಅದರ ಮೇಲೆ ಯಂತ್ರದ ಕೈ. ಬಳ್ಳಾರಿಯ ರಾಯಲ್ ಸರ್ಕಲ್ಲಿನ ಗದ್ದಲದಲ್ಲಿ ನಿಮಿಷಕ್ಕೆ ನಾಲ್ಕು ಸಲ ಕ್ಲಚ್ ತುಳಿದವರಿಗೆ ಅದರ ಬೆಲೆ ಗೊತ್ತು. ಮೊಣಕಾಲು ಸೋತ ಮೇಲೆ ಸ್ಟೇರಿಂಗ್ ಮುಟ್ಟದಿದ್ದ ಮಾವ ಇಂಥದೊಂದು ಕಾರನ್ನು ಓಡಿಸಿ, "ಈಗ ಯಾರು ಬೇಕಾದ್ರೂ ಡ್ರೈವರ್ ಆಗಬಹುದು ಬಿಡು" ಎಂದರು. ಅದರಲ್ಲಿ ಸಂತೋಷ ಎಷ್ಟಿತ್ತು, ಬೇಸರ ಎಷ್ಟಿತ್ತು ಎಂದು ನಾನು ಬಿಡಿಸಿ ಕೇಳಲಿಲ್ಲ.

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ನಮ್ಮ ಜಿಲ್ಲೆಯ ಅದಿರನ್ನು ಉಕ್ಕು ಮಾಡುವ ಜೆಎಸ್‌ಡಬ್ಲ್ಯು ಸಮೂಹ ಈಗ ಭಾರತದ ಎಂಜಿ ಕಂಪನಿಯಲ್ಲಿ ಪಾಲುದಾರ. 2025ರಲ್ಲಿ ಆ ಕಂಪನಿ ಸೈಬರ್‌ಸ್ಟರ್ ಎಂಬ ಎರಡು ಸೀಟಿನ ವಿದ್ಯುತ್ ಸ್ಪೋರ್ಟ್ಸ್ ಕಾರನ್ನು ಇಲ್ಲಿ ಮಾರಾಟಕ್ಕಿಟ್ಟಿತು. ಅದರಲ್ಲಿ ಬದಲಿಸಲು ಗೇರುಗಳೇ ಇಲ್ಲ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುವುದರಿಂದ ಒಂದೇ ಅನುಪಾತ ಸಾಕು. ಆದರೂ ಹಲವು ವಿದ್ಯುತ್ ಕಾರುಗಳು ಪ್ಯಾಡಲನ್ನು ಉಳಿಸಿಕೊಂಡಿವೆ, ಬ್ರೇಕಿನಿಂದ ಬ್ಯಾಟರಿಗೆ ಮರಳುವ ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡಲು.

ಬೆರಳಿಗೆ ಏನಾದರೂ ಕೆಲಸ ಇರಲಿ ಎಂದು ನಾವು ಬಯಸುವುದು ನನಗೆ ಅರ್ಥವಾಗುತ್ತದೆ. ಬೇಡವಾದಾಗ ಬಿಡಬಹುದಾದ ಕೆಲಸ ಹಿತವಾಗಿರುತ್ತದೆ. ಬಿಡುವ ಹಾಗಿಲ್ಲದೆ ಅದನ್ನೇ ಮಾಡಿದವರಿಂದ ಯಂತ್ರ ಕಲಿತದ್ದೆಷ್ಟು ಎಂಬುದೂ ಆ ವಿವರಪಟ್ಟಿಯಲ್ಲಿ ಒಂದು ಸಾಲಾದರೂ ಇರಬೇಕಿತ್ತು.